ಹುಕ್ಕೇರಿ ಗೋದಾಮಿನ ಸುಳ್ಳು ಯಂತ್ರ

ಈ ವ್ಯವಹಾರದಲ್ಲಿ ನನಗೆ ಹೋದದ್ದು ಒಂದು ಯಂತ್ರ. ಹೋದದ್ದು ಅಂದರೆ ಮಾರಿ ಹೋದದ್ದಲ್ಲ. ಹುಕ್ಕೇರಿಯ ನನ್ನ ಗೋದಾಮಿನಲ್ಲೇ ನಿಂತಿದೆ, ಆದರೆ ಇನ್ನು ಯಾರಿಗೂ ಕೊಡುವಂತಿಲ್ಲ. ಕಾರಣ ನನ್ನ ನಾಲಿಗೆ. ಸುಮ್ಮನಿರಬೇಕಾದ ಕಡೆ ಅದು ಸುಮ್ಮನಿರಲಿಲ್ಲ. ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಇವತ್ತಿಗೂ ತಿಳಿದಿಲ್ಲ.

ನಾನು ಮೂಡಲಗಿಯ ದನದ ಸಂತೆಯಲ್ಲಿ ದಲಾಲಿ ಮಾಡಿ ಮೇಲೆ ಬಂದವನು. ಈಗ ಗೋಕಾಕಿನಲ್ಲಿ ಹಳೆ ಯಂತ್ರಗಳ ಅಂಗಡಿ. ಸರಕು ಬದಲಾಯಿತು, ರೂಢಿ ಬದಲಾಗಲಿಲ್ಲ. ದರವನ್ನು ಬಾಯಲ್ಲಿ ಹೇಳುವುದಿಲ್ಲ. ಕೈಮೇಲೆ ಟಾವೆಲ್ ಹೊದಿಸಿ, ಅದರ ಕೆಳಗೆ ಗಿರಾಕಿಯ ಬೆರಳು ಹಿಡಿದು ಹೇಳುತ್ತೇನೆ; ಹಿಡಿದ ಬೆರಳೆಷ್ಟೋ ದರ ಅಷ್ಟು. ಅವನು ಒಂದು ಬೆರಳು ಮಡಚಿದರೆ ಇಳಿಸು ಎಂದರ್ಥ. ಮಗ್ಗುಲಲ್ಲಿ ನಿಂತವನಿಗೂ ದರ ತಿಳಿಯುವುದಿಲ್ಲ. ಇನ್ನೊಂದು ರೂಢಿ ಇದಕ್ಕಿಂತ ದೊಡ್ಡದು: ಹಗ್ಗವನ್ನು ಕೊಳ್ಳುವವನ ಕೈಗೆ ಕೊಡುವ ಮೊದಲು ಎತ್ತಿನ ಐಬು ಹೇಳಿಬಿಡಬೇಕು. ಒದೆಯುತ್ತದೆಯೋ, ನೊಗ ಕಂಡರೆ ಮಲಗುತ್ತದೆಯೋ, ಏನಿದ್ದರೂ. ಆ ಒಂದು ಗುಣಕ್ಕೇ ಜನ ನನ್ನನ್ನು ಹುಡುಕಿಕೊಂಡು ಬಂದರು. ನನ್ನ ಬಂಡವಾಳ ಎಂದರೆ ಅದೇ.

ಮುಚ್ಚಿಹೋದ ಪಂಪಿನ ಕಾರ್ಖಾನೆಯೊಂದರಿಂದ ಬ್ಯಾಲೆನ್ಸಿಂಗ್ ಯಂತ್ರ ತಂದಿದ್ದೆ. ಟೈರಿನಂಗಡಿಯಲ್ಲಿ ಚಕ್ರದ ತೂಕ ಸಮ ಮಾಡುತ್ತಾರಲ್ಲ, ಅದರ ಹಿರಿಯಣ್ಣ. ಜೋರಾಗಿ ತಿರುಗುವ ವಸ್ತು ಯಾವ ಮಗ್ಗುಲಿಗೆ ಭಾರ ಎಂದು ಕೂದಲೆಳೆಯಷ್ಟು ತಪ್ಪದೆ ಹೇಳುತ್ತದೆ. ಸಂಕೇಶ್ವರದ ಕಡೆಯಿಂದ ಕಾರಿನಲ್ಲಿ ಬಂದ ಗಿರಾಕಿಯೊಬ್ಬ ಗೋದಾಮಿನಲ್ಲಿ ಅದನ್ನು ನೋಡಿ, ಅಂಗಡಿಗೆ ಬಂದು ದರ ಕೇಳಿದ. ಹೊರದೇಶದ ಫ್ಯಾನ್ ಕಾರ್ಖಾನೆಗೆ ಎಂದ. ಚೌಕಾಸಿಗೆ ಜಾಗ ಇರಲೆಂದು ನಾನು ಏರಿಸಿಯೇ ಬೆರಳು ಹಿಡಿದೆ. ಅವನು ಒಂದನ್ನೂ ಮಡಚಲಿಲ್ಲ.

"ಪಸಂದ್ ಐತ್ರಿ ಸಾವಕಾರ್ರ. ಮೂರು ದಿನಕ್ಕ ಲಾರಿ ತರ್ತೇನಿ," ಎಂದು ಮುಂಗಡವಾಗಿ ಸಂಚಕಾರದ ಹಣ ಕೊಟ್ಟು ಹೋದ.

ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. "ಚೌಕಾಸಿ ಮಾಡದ ಗಿರಾಕಿ? ಒಂದೋ ಅಂವ ಹುಚ್ಚ, ಇಲ್ಲಾ ನೀವು ಮಾರಿದ್ದು ಏನಂತ ನಿಮಗ ಗೊತ್ತಿಲ್ರಿ," ಎಂದಳು.

ಮರುದಿನ ಬೆಂಗಳೂರಿನ ಮಾತಿನ ಅಧಿಕಾರಿಯೊಬ್ಬರು ಬಂದು ಸರಕಾರದ ಗುರುತಿನ ಕಾರ್ಡು ತೋರಿಸಿದರು. ಹೋರಿಯ ಹಲ್ಲು ನೋಡಿ ವಯಸ್ಸು ಹೇಳಬಲ್ಲೆ. ಕಾರ್ಡು ನೋಡಿ ಖರೆ ಸುಳ್ಳು ಹೇಳಲಾರೆ. ಅಂಗಡಿಯ ಕ್ಯಾಮೆರಾದಲ್ಲಿ ಹಿಂದಿನ ದಿನದ್ದನ್ನು ಹಾಕಿಸಿ ನೋಡಿದರು.

"ಟವೆಲ್ ಕೆಳಗೆ ಅವನಿಗೆ ಏನ್ ಕೊಟ್ರಿ ಯಜಮಾನ್ರೇ?"

"ದರ ಕೊಟ್ಟೇನ್ರಿ."

"ದರ ಬಾಯಲ್ಲಿ ಹೇಳ್ಬಹುದಲ್ವಾ? ಪೆನ್‌ಡ್ರೈವಾ? ನಕ್ಷೆನಾ?"

"ಬರೇ ಬೆರಳ್ರಿ ಸಾಹೇಬ್ರ. ಕೈ ಕೊಡ್ರಿ, ತೋರಸ್ತೇನಿ."

ಸರಕಾರದ ಕೈಗೂ ಟಾವೆಲ್ ಹೊದಿಸಿ ತೋರಿಸಬೇಕಾಯಿತು. ಅಂಗಡಿಯ ಹಿಂದೆಯೇ ಮನೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಹೋರಿ ಬಿಟ್ರು, ಟಾವೆಲ್ ಬಿಡಲಿಲ್ಲ. ಜೇಲಿಗೂ ಅದನ್ನ ಹೊದ್ಕೊಂಡ ಹೋಗ್ರಿ," ಎಂದಳು.

ಅಧಿಕಾರಿ ಟಾವೆಲ್ ಕೆಳಗಿಂದ ಕೈ ತೆಗೆದು ವಿಷಯಕ್ಕೆ ಬಂದರು. ಯಂತ್ರ ಫ್ಯಾನಿಗಲ್ಲ, ನಮ್ಮ ಮೇಲೆ ಹಗೆ ಸಾಧಿಸುವ ಒಂದು ದೇಶಕ್ಕೆ. ಅಣುಬಾಂಬಿನ ಸರಕು ಸೋಸುವ, ಗರಗರ ತಿರುಗುವ ಕೊಳವೆಗಳನ್ನು ಸಮ ಮಾಡಲಿಕ್ಕೆ ಎಂದರು.

"ಹಂಗಾದ್ರ ಜಪ್ತಿ ಮಾಡ್ರಿ."

"ಇದನ್ನ ಹಿಡಿದ್ರೆ ಇನ್ನೊಂದು ಹುಡುಕ್ತಾರೆ. ಸುಳ್ಳು ಹೇಳೋ ಯಂತ್ರ ಹೋದ್ರೆ, ಎಲ್ಲಿ ತಪ್ಪಾಯ್ತು ಅಂತ ವರ್ಷಗಟ್ಟಲೆ ತಲೆ ಕೆರ್ಕೊತಾರೆ. ನಮ್ಮವರು ಒಂದು ದಿನ ಅದರ ಹತ್ರ ಕೂತು ಅದಕ್ಕೆ ಸುಳ್ಳು ಕಲಿಸ್ತಾರೆ. ನೀವು ಸುಮ್ನೆ ಕೊಟ್ಟುಬಿಡಿ, ಸಾಕು."

ಇವರು ಖರೆ ಅಧಿಕಾರಿಯೋ, ಪೈಪೋಟಿಯ ಗಿರಾಕಿಯೋ? ಆ ದೇಶ ಯಾವುದೆಂದು ಕೇಳಿದರೆ, "ಅದು ನಿಮಗೆ ಬೇಡ ಯಜಮಾನ್ರೇ," ಎಂದರು. ಆದರೂ ಗೋದಾಮಿನ ಬೀಗ ತೆಗೆದೆ. ಇಬ್ಬರು ಬಂದು ಹಗಲೆಲ್ಲ ಯಂತ್ರದ ಹೊಟ್ಟೆ ಬಿಚ್ಚಿ ಮುಚ್ಚಿದರು. ಅವರು ಹೋದ ಮೇಲೆ ನಾನೊಂದು ಮೋಟಾರಿನ ರೋಟರ್ ಏರಿಸಿ, ಬೇಕೆಂದೇ ಒಂದು ಮಗ್ಗುಲಿಗೆ ಬೋಲ್ಟ್ ಕಟ್ಟಿ ತಿರುಗಿಸಿದೆ. ನೆಲವೇ ನಡುಗುತ್ತಿತ್ತು, ಯಂತ್ರ ಮಾತ್ರ ಎಲ್ಲ ಸಮ ಇದೆ ಎಂದು ತೋರಿಸಿತು. ಅಷ್ಟು ಚೆಂದದ ಸುಳ್ಳನ್ನು ದಲಾಲರ ಬಾಯಲ್ಲೂ ಕೇಳಿರಲಿಲ್ಲ.

ಮೂರನೆಯ ದಿನ ಲಾರಿ ಬಂತು. ಯಂತ್ರಕ್ಕೆ ಸರಪಳಿ ಬಿಗಿದಾಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಸರಪಳಿಯ ತುದಿಯನ್ನು ಗಿರಾಕಿಯ ಕೈಗೆ ಕೊಡುವ ಹೊತ್ತಿಗೆ ನನ್ನ ಅಂಗೈಗೆ ಅದು ಎತ್ತಿನ ಹಗ್ಗದಂತೆಯೇ ತಗಲಿತು.

"ಇದರಾಗ ಐಬು ಐತ್ರಿ," ಅಂದುಬಿಟ್ಟೆ.

ಅವನು ಗೋದಾಮಿನ ಮೂಲೆ ಮೂಲೆ ನೋಡಿದ. "ಮೊನ್ನಿ ಇರಲಿಲ್ಲಲಾ. ಯಾರ್ ಬಂದಿದ್ರು?"

"ಅದನ್ನ ಕೇಳಬ್ಯಾಡ್ರಿ. ನಾ ಖಾತ್ರಿ ಕೊಡಂಗಿಲ್ಲ, ಅಷ್ಟ."

ಸಂಚಕಾರವನ್ನೂ ಕೇಳದೆ, ಖಾಲಿ ಲಾರಿ ತಿರುಗಿಸಿಕೊಂಡು ಹೋದ. ಸಂಜೆ ಅಧಿಕಾರಿಯ ಫೋನು: "ಎಂಥ ಕೆಲಸ ಮಾಡಿದ್ರಿ ಯಜಮಾನ್ರೇ!" ಆಮೇಲೆ ಆ ನಂಬರೂ ಹತ್ತಲಿಲ್ಲ.

"ಅಂತೂ ಯಂತ್ರ ಹೋಗಲಿಲ್ಲಲ್ರಿ?" ಎಂದಳು ಹೆಂಡತಿ.

ಹೋಗಲಿಲ್ಲ ನಿಜ. ಆದರೆ ಆ ಗಿರಾಕಿ ಬೇರೆ ಊರಿನಲ್ಲಿ ಖರೆ ಹೇಳುವ ಯಂತ್ರ ಕೊಂಡಿದ್ದರೆ? ನಾನು ತಡೆದೆನೋ, ದಾರಿ ಬಿಟ್ಟೆನೋ? ಅಮಾವಾಸ್ಯೆಯ ಪೂಜೆಗೆ ಆ ಯಂತ್ರಕ್ಕೂ ಕುಂಕುಮ ಹಚ್ಚುವಾಗ ಇದನ್ನೇ ಯೋಚಿಸುತ್ತೇನೆ.

ನೀವು ಹಳೆ ಸರಕು ಮಾರುವವರಾದರೆ ಕೇಳಿ. ಒಂದು ಬೆರಳೂ ಮಡಚದ ಗಿರಾಕಿಯಿಂದ ಅದೇ ದಿನ ಸಂಚಕಾರ ಹಿಡಿಯಬೇಡಿ. ಯಂತ್ರ ಎಲ್ಲಿ ಕೂರುತ್ತದೆ ಎಂದು ಬರೆಸಿಕೊಳ್ಳಿ; ಗಡಿ ದಾಟುವುದಾದರೆ ಪರವಾನಿಗೆ ನೋಡಿ. ಕಾರ್ಡು ತೋರಿಸಿದವರ ಕಚೇರಿಯ ನಂಬರನ್ನು ಅವರಿಂದ ಪಡೆಯದೆ, ನೀವೇ ಹುಡುಕಿ ಫೋನು ಮಾಡಿ. ಎಲ್ಲಕ್ಕಿಂತ ಮೊದಲು ನಿಮ್ಮ ಐಬನ್ನೇ ಹೇಳಿಬಿಡಿ. ಈ ಮನುಷ್ಯನಿಗೆ ಐಬು ಮುಚ್ಚಿಡಲು ಬರುವುದಿಲ್ಲ ಎಂದು ನಾನು ಆ ಅಧಿಕಾರಿಗೆ ಮೊದಲ ದಿನವೇ ಹೇಳಬೇಕಿತ್ತು.