ಅತ್ತೆಯವರ ಕಿವಿಗೆ ಬಿದ್ದ ಉರಿ

ಇವತ್ತು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಕೆನೆ ತೆಗೆದಿಟ್ಟು, ಎರಡನೆಯ ಚಹಾಕ್ಕೆ ಶುಂಠಿ ಜಜ್ಜುತ್ತಿದ್ದೆ. ಪೈಪ್ ಗ್ಯಾಸಿನವನು ಬಂದ. ನಾಸಿಕ್‌ನ ನಮ್ಮ ಗಲ್ಲಿಗೂ ಕೊನೆಗೆ ಕೊಳವೆ ಬಂದಿದೆ. ಅವನು ಬರ್ನರ್ ಎತ್ತಿಟ್ಟು, ಒಳಗೆ ಗ್ಯಾಸು ಚಿಮ್ಮುವ ಹಿತ್ತಾಳೆಯ ಜೆಟ್ಟುಗಳನ್ನು ತಿರುಗಿಸಿ ತೆಗೆದು, ದೊಡ್ಡ ತೂತಿನವನ್ನು ಕೂರಿಸಿದ. ಹಳೆಯವನ್ನು ನನ್ನ ಅಂಗೈಗೆ ಹಾಕಿದ. ಕಡಲೆಕಾಳಿನಷ್ಟು ಗಾತ್ರ, ನಡುವೆ ಸೂಜಿಮೊನೆಯಂಥ ಕಣ್ಣು. ಜಜ್ಜಿದ ಶುಂಠಿ ಹಾಗೇ ಉಳಿಯಿತು.

ಏಕೆಂದರೆ ಎಂಬತ್ತರ ದಶಕದಲ್ಲಿ ಇದೇ ಅಡುಗೆಮನೆಯಲ್ಲಿ ಇದೇ ಕೆಲಸ ತಿರುವುಮುರುವಾಗಿ ನಡೆದಿತ್ತು. ನಮ್ಮವರಿಗೆ ಗುಜರಾತಿನ ಬಡೋದೆಯಿಂದ ಇಲ್ಲಿಯ ಬ್ಯಾಂಕಿಗೆ ವರ್ಗವಾಗಿತ್ತು. ಬಡೋದೆಯಲ್ಲಿ ಆಗಲೇ ಪೈಪಿನ ಗ್ಯಾಸು. ಆ ಒಲೆಯನ್ನು ಗೋಣಿಯಲ್ಲಿ ಸುತ್ತಿ ತಂದು, ಇಲ್ಲಿ ಸಿಲಿಂಡರಿಗೆ ಜೋಡಿಸಿ ಕಡ್ಡಿ ಗೀರಿದೆ. ಹಳದಿ ಉರಿ ಮೊಳದುದ್ದ ಎದ್ದು ಪಾತ್ರೆಗಳ ತಳವೆಲ್ಲ ಮಸಿ! ಕಾನ್ವೆಂಟಿನಲ್ಲಿ ವಿಜ್ಞಾನಕ್ಕೆ ಬಹುಮಾನ ಪಡೆದವಳಿಗೆ, ಸಿಲಿಂಡರಿನ ಗ್ಯಾಸಿಗೆ ಸಣ್ಣ ತೂತು ಬೇಕೆಂಬುದು ಹೊಳೆದಿರಲಿಲ್ಲ ನೋಡಿ.

“ಹೊಸಾ ಒಲಿ ತೊಗೊಂಡ್ರಾತು” ಅಂದರು ನಮ್ಮವರು.

“ಬ್ಯಾಡಪಾ. ಇದರ ಕಿವಿ ನನ್ನ ಕೈಗೆ ಗೊತ್ತದ” ಅಂದರು ಅತ್ತೆ.

ಕಿವಿ ಅಂದರೆ ಒಲೆಯ ತಿರುಗಣಿ. ಅತ್ತೆಯವರ ಕಣ್ಣು ಮಬ್ಬಾಗಿತ್ತು; ಆದರೂ ಜೋಳದ ಭಕ್ಕರಿ ಬಡಿಯುವುದನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ಆ ಒಲೆಗೆ ಹೊಂದುವ ಜೆಟ್ಟು ಇಲ್ಲಿ ಸಿಗದೆ, ಆಗ ನಾವು ಔರಂಗಾಬಾದ್ ಅನ್ನುತ್ತಿದ್ದ ಸಂಭಾಜಿನಗರದಿಂದ ತರಿಸಿ ಹಾಕಿಸಿದೆವು. ಉರಿ ನೀಲಿಯಾಗಿ, ಅಚ್ಚುಕಟ್ಟಾಗಿ ನಿಂತಿತು. ನಾನು ಹಿಗ್ಗಿದೆ.

ಮರುದಿನ ಅತ್ತೆಯವರ ಭಕ್ಕರಿ ಸುಟ್ಟಿತು. ಅದರ ಮರುದಿನವೂ.

“ಉರಿ ಸಣ್ಣದದನೋ ದೊಡ್ಡದದನೋ ತಿಳೀವಲ್ದವಾ. ಬಡೋದ್ಯಾಗ ಅದು ಮಾತಾಡ್ತಿತ್ತು.”

ಆಗ ನನಗೆ ಬೆಳಕಾಯಿತು. ಅವರು ಉರಿಯನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು! ಒಲೆಯ ಮುಂದೆ ಸದಾ ತಲೆ ವಾಲಿಸಿ ನಿಲ್ಲುತ್ತಿದ್ದುದನ್ನು ನಾನು ಕತ್ತುನೋವೆಂದುಕೊಂಡು, ಬಡೋದೆಯಲ್ಲಿ ಇದ್ದಷ್ಟು ಕಾಲ ಬಾಮು ತಂದುಕೊಟ್ಟಿದ್ದೆ. ಪಾಪ, ಅವರೂ ಹಚ್ಚಿಕೊಳ್ಳುತ್ತಿದ್ದರು.

ಆಮೇಲೆ ಅತ್ತೆ ಅಡುಗೆಮನೆಗೆ ಬರುವುದನ್ನೇ ಬಿಟ್ಟರು. ಹೊರಗೆ ಬತ್ತಿ ಹೊಸೆಯುತ್ತ ಕೂತು, “ನಾ ಏನರ ಮಾಡ್ಲೇನು?” ಎಂದು ಕೇಳುತ್ತಿದ್ದರು. ಅಷ್ಟು ವರ್ಷಗಳಲ್ಲಿ ಅವರು ಹಾಗೆ ಕೇಳಿದ್ದೇ ಇಲ್ಲ. ತಮ್ಮದೇ ಮನೆಯಲ್ಲಿ ನೆಂಟರಂತೆ.

ಕಾನ್ವೆಂಟಿನಲ್ಲಿ ಪಿಯಾನೋ ಕಲಿಸುವ ಸಿಸ್ಟರ್ ನಮ್ಮನ್ನು ಗೋಡೆಯ ಕಡೆ ನಿಲ್ಲಿಸಿ, ಹಿಂದಿನಿಂದ ಒಂದು ಸ್ವರ ಒತ್ತಿ, ಯಾವುದೆಂದು ಕೇಳುತ್ತಿದ್ದರು. ನಾನು ಯಾವತ್ತೂ ತಪ್ಪೇ ಹೇಳುತ್ತಿದ್ದೆ. ಅದು ನೆನಪಾಗಿ, ಒಂದು ಮಧ್ಯಾಹ್ನ ಅತ್ತೆಯವರಿಗೂ ಅದನ್ನು ಹೇಳಿ, ಕೈಹಿಡಿದು ಒಳಗೆ ಕರೆತಂದು ಒಲೆ ಹಚ್ಚಿದೆ.

“ಮಾರಿ ಆ ಕಡೆ ಮಾಡ್ರಿ ಅತ್ತಿ. ಈಗ ಹೇಳ್ರಿ, ಯಾವ ಉರಿ?”

“ಸೊಳ್ಳಿ ಗುಂಯ್ ಅಂದ್ಹಂಗ ಅನ್ನಲಿಕತ್ತದ. ಸಣ್ಣದು?”

“ದೊಡ್ಡದ್ರಿ.”

“ಅಯ್ಯ, ಈ ಊರಿನ ಉರಿಗೆ ಗಂಟಲಽ ಇಲ್ಲ!”

ಇಬ್ಬರೂ ನಕ್ಕೆವು. ದಿನಾ ಮಧ್ಯಾಹ್ನ ಪಾಠ. ಬಡೋದೆಯ ಉರಿ ನಿಟ್ಟುಸಿರಿನಂತೆ ತಗ್ಗಿನಲ್ಲಿ ಸುಯ್ಯುತ್ತಿತ್ತಂತೆ. ಇದರದು ಎಳೆಯಂಥ ದನಿ. ಹೇಳಿಕೊಡುತ್ತಿದ್ದವಳು ನಾನು, ನನಗೆ ಮಾತ್ರ ಎಲ್ಲ ಒಂದೇ ಸದ್ದು. ಒಂದು ದಿನ ಹಿತ್ತಲಿನಿಂದ ಒಳಗೆ ಬಂದರೆ ಹೆಂಚಿನ ಮೇಲೆ ಭಕ್ಕರಿ ಪೂರ್ತಿ ಉಬ್ಬಿತ್ತು. ಅತ್ತೆ ತಿರುಗಿಯೂ ನೋಡದೆ, “ನಿಮ್ಮ ಸಿಸ್ಟರಗ ಹೇಳು, ನಾ ಪಾಸಾದೆ” ಅಂದರು. ಕಣ್ಣು ಪೂರ್ತಿ ಹೋದ ಮೇಲೂ, ತಮ್ಮ ಕೊನೆಯ ಕಾಲದವರೆಗೆ ನಮಗೆ ಬಿಸಿ ಭಕ್ಕರಿ ಬಡಿದು ಹಾಕಿದರು.

ಇವತ್ತು ಸಂಜೆ ಭಕ್ಕರಿಗೆಂದು ಹೊಸ ಉರಿ ಹಚ್ಚಿದೆ. ತಗ್ಗಿನಲ್ಲಿ, ನಿಟ್ಟುಸಿರಿನಂತೆ ಒಂದು ಸದ್ದು. ನನಗೂ ಕೇಳಿಸಿತು! ತಿರುಗಣಿ ಸ್ವಲ್ಪ ತಿರುಗಿಸಿದೆ, ದನಿ ಇಳಿಯಿತು. ತಲೆ ವಾಲಿಸಿ ಇನ್ನಷ್ಟು ಬಾಗಿದೆ. ಹೀಗೆ ಎಷ್ಟು ಹೊತ್ತು ನಿಂತಿದ್ದೆನೋ, ಪಕ್ಕದ ಮನೆಯ ಬೆಳಗಾವಿಯ ಹುಡುಗಿ ಮಂಗಲಾ ಬಟ್ಟಲು ಹಿಂದಿರುಗಿಸಲು ಬಂದವಳು ಬಾಗಿಲಲ್ಲೇ ನಿಂತು ಅಂದಳು:

“ಯಾಕ್ರಿ ಕಾಕೂ, ಕುತ್ತಿಗಿ ಹಿಡದದೇನು? ನಮ್ಮನ್ಯಾಗ ಬಾಮ್ ಅದ, ತಂದು ಕೊಡ್ಲಿ?”