ದೊಡ್ಡ ಸಾಹೇಬರ ಪಕ್ಕದಲ್ಲಿ ಊಟ

ಮಕ್ಕಳೇ, ನಾವು ಮಿರಜದಲ್ಲಿದ್ದಾಗ ಪಕ್ಕದ ಮನೆಯಾಕೆ ಅರಿಸಿನಪುಡಿ ಕಂಪನಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದಳು. ಹಳದಿ ಹತ್ತಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಮಾತಾಡುವಳು. ಯಾರೇ ಬರಲಿ, "ಮೊದಲ ಉಣ್ರಿ, ಆಮ್ಯಾಲ ಮಾತು" ಎನ್ನುವಳು.

ಆ ಕಂಪನಿ ಪುಣೆಯ ದೊಡ್ಡ ಕಂಪನಿಯೊಳಗೆ ವಿಲೀನವಾಯಿತು. ಮಿರಜದ ಕೆಲಸ ನಿಲ್ಲುತ್ತದೆಂದು ಸುದ್ದಿ ಹಬ್ಬಿತು. ಒಂದು ದಿನ ಪುಣೆಯಿಂದ ದೊಡ್ಡ ಸಾಹೇಬರೇ ಬಂದು ಕೆಲಸದವರ ಸಾಲಿನಲ್ಲಿ ಊಟಕ್ಕೆ ಕುಳಿತು, ಯಾರು ಬೇಕಾದರೂ ಏನು ಬೇಕಾದರೂ ಹೇಳಿ ಎಂದರಂತೆ. "ನಮ್ಮ ಕೆಲಸ ಉಳಿಸಿರಿ" ಎಂದು ಕೇಳಲು ಎಲ್ಲರೂ ಇವಳನ್ನೇ ಅವರ ಪಕ್ಕ ಕೂಡಿಸಿದ್ದರು.

ಸಂಜೆ ನಾನು, "ಕೇಳಿದೇನವ್ವಾ?" ಎಂದೆ.

"ಉಣ್ಣೋರ ಮುಂದ ಗೋಳು ಹೇಳಾಕ ಬರತೈತೇನ ಅಕ್ಕಾ? ರೊಟ್ಟಿ ನೀಡಿದೆ, ಚಟ್ನಿ ನೀಡಿದೆ. ಕೈ ತೊಳಕೊಂಡು ಗಾಡಿ ಹತ್ತೇ ಬಿಟ್ರು!" ಎಂದು ನಕ್ಕಳು.

ಮರುವಾರ ಅವಳು ಮನೆಯಲ್ಲೇ ಮರೆತುಹೋದ ಬುತ್ತಿ ಕೊಡಲು ಕಂಪನಿಗೆ ಹೋದೆ. ಗೇಟಿಗೆ ಬೀಗ ಬಿದ್ದಿತ್ತು. ಮ್ಯಾನೇಜರು ಹೊರಗೆ ನಿಂತಿದ್ದ ಕೆಲಸದವರಿಗೆಲ್ಲ ಮರಾಠಿಯಲ್ಲಿ ಹೇಳುತ್ತಿದ್ದ: ಸಾಹೇಬರು ನಿಮ್ಮ ಜೊತೆಯೇ ಕುಳಿತು ವಿಚಾರಿಸಿದ್ದಾರೆ, ಮುಚ್ಚುವುದಕ್ಕೆ ಯಾರದೂ ತಕರಾರಿಲ್ಲ.

ನಾನು ಅವಳ ಕೈಗೆ ಬುತ್ತಿ ಕೊಟ್ಟು, "ಇದೆಂಥಾ ಸುಳ್ಳು!" ಎಂದೆ.

ಅವಳು ಬೀಗವನ್ನೇ ನೋಡುತ್ತಿದ್ದಳು. "ಸುಳ್ಳೇನೈತಿ ಅಕ್ಕಾ? ಅವರು ಕೇಳಿದ್ದು ಖರೇನ ಐತಿ" ಎಂದಳು.