ಮೇಣದಲ್ಲಿ ಬರೆದ ಅವ್ವನ ಮುಖ

ಅಪ್ಪನ ಮೇಲಿನ ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವುದು ಬೇಡ ಎಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮವ್ವನದು ಒಂದೇ ಒಂದು ಫೋಟೋ ಇರಲಿಲ್ಲ. ಬಳ್ಳಾರಿಯ ಬಜಾರಿನಲ್ಲಿ ಸ್ಟುಡಿಯೋಗಳಿದ್ದವು. ಶೇಂಗಾ ವ್ಯಾಪಾರಿಯಾದ ಅಪ್ಪ ದಿನಾ ಅವುಗಳ ಮುಂದೆಯೇ ಸೈಕಲ್ ತುಳಿಯುತ್ತಿದ್ದ. ಹೆಂಡತಿಯನ್ನು ಒಂದು ಸಲವೂ ಕರೆದೊಯ್ದು ಕೂರಿಸಲಿಲ್ಲ. ನಾನು ಕಾಲೇಜಿಗೆ ಸೇರಿದ ವರ್ಷ ಅವ್ವ ತೀರಿಕೊಂಡಳು. ಎರಡು ವರ್ಷ ಕಳೆಯುವಷ್ಟರಲ್ಲಿ ಅವಳ ಮುಖ ನನ್ನ ಕಣ್ಣಿನಿಂದ ಜಾರತೊಡಗಿತು. ಧ್ವನಿ ನೆನಪಿದೆ, ಕೈ ನೆನಪಿದೆ, ಮುಖ ಮಾತ್ರ ಮಸುಕು. ಅದು ಪೂರ್ತಿ ಹೋಗಿಬಿಟ್ಟರೆ ಎಂಬ ಭಯಕ್ಕೆ ನನಗೆ ಊಟ ಸೇರುತ್ತಿರಲಿಲ್ಲ.

ಆಗ ನಮ್ಮ ಡ್ರಾಯಿಂಗ್ ಮೇಷ್ಟ್ರು ಕಾಯಿಸಿದ ಜೇನುಮೇಣಕ್ಕೆ ಬಣ್ಣದ ಪುಡಿ ಬೆರೆಸಿ ಹಲಗೆಯ ಮೇಲೆ ಬರೆಯುವುದನ್ನು ತೋರಿಸಿದರು. ಯಾವುದೋ ಮರಳುನಾಡಿನಲ್ಲಿ ಹಿಂದೆ ಸತ್ತವರ ಮುಖವನ್ನು ಹೀಗೇ ಬರೆಯುತ್ತಿದ್ದರಂತೆ, ಇವತ್ತಿಗೂ ಅವುಗಳ ಕಣ್ಣು ಹೊಳೆಯುತ್ತವಂತೆ. ಅಷ್ಟು ಕೇಳಿದ್ದೇ ಸಾಕಾಯಿತು.

ಕುರುಗೋಡಿನ ಸೋದರಮಾವ ಗುಡ್ಡದ ಹೆಜ್ಜೇನಿನ ಮೇಣ ತಂದುಕೊಟ್ಟ. ಕಪ್ಪಿಗೆ ದೀಪದ ಕಾಡಿಗೆ, ಕೆಂಪಿಗೆ ಸೊಂಡೂರಿನ ಮಣ್ಣು. ಹಲಗೆಯೆಂದರೆ ಅವ್ವ ರೊಟ್ಟಿ ಬಡಿಯಲು ಕೂರುತ್ತಿದ್ದ ಮಣೆ. ಸ್ಟವ್ ಮೇಲೆ ಮೇಣ ಕರಗಿದರೆ ಮನೆಯೆಲ್ಲ ಜೇನಿನ ವಾಸನೆ. ಕುಂಚ ಅದ್ದಿ ಹಲಗೆಗೆ ಮುಟ್ಟಿಸುವಷ್ಟರಲ್ಲಿ ಬಣ್ಣ ಗಟ್ಟಿ. ಯೋಚಿಸುತ್ತ ಕೂತರೆ ಕೆಟ್ಟೆ. ಕೆಟ್ಟರೂ ಚಿಂತೆಯಿಲ್ಲ, ಕಾದ ಚಮಚ ಹತ್ತಿರ ಹಿಡಿದರೆ ಮತ್ತೆ ಮೆತ್ತಗಾಗುತ್ತದೆ. ಪದರದ ಮೇಲೆ ಪದರ ಕೂತು ಕೊನೆಗೆ ಕೆನ್ನೆ ಕೆನ್ನೆಯೇ ಆಗುತ್ತದೆ. ನೀರುಬಣ್ಣ, ಎಣ್ಣೆಬಣ್ಣ ಯಾವುದೂ ನನ್ನನ್ನು ಹೀಗೆ ಹಿಡಿಯಲಿಲ್ಲ.

ಅಪ್ಪನಿಗೆ ಕಂಡದ್ದು ಸೀಮೆಎಣ್ಣೆ ಮಾತ್ರ. ಜೇನಿನ ಎಂಜಲಿಗೆ ಸ್ಟವ್ ಉರಿಸುವ ಹುಚ್ಚಿ ಎಂದು ಬಂದವರ ಮುಂದೆಲ್ಲ ಆಡಿಕೊಂಡ. ಮೂರು ತಿಂಗಳು ಹಿಡಿಯಿತು. ಬಳ್ಳಾರಿಯ ಬಿಸಿಲಿಗೆ ಹೆದರಿ ಮಣೆಯನ್ನು ನೀರಿನ ಗಡಿಗೆಯ ಹಿಂದೆ, ತಂಪಿನಲ್ಲಿ ಇಡುತ್ತಿದ್ದೆ. ಅಪ್ಪ ಅದರತ್ತ ತಿರುಗಿಯೂ ನೋಡಿಲ್ಲ ಎಂದೇ ತಿಳಿದಿದ್ದೆ.

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಹೊಸ ಸೀರೆ, ಎಡೆ ಇಟ್ಟು ಪೂಜೆ ಮಾಡುವ ದಿನ. ಸಿರುಗುಪ್ಪದಿಂದ ಸೋದರತ್ತೆ ಬಂದಿದ್ದಳು. ನಾನು ಬಾಳೆಎಲೆ ತರಲು ಬಜಾರಿಗೆ ಹೋಗಿ ಬರುವಷ್ಟರಲ್ಲಿ ಗಡಿಗೆಯ ಹಿಂದೆ ಮಣೆ ಇರಲಿಲ್ಲ. ಅಪ್ಪ ಅದನ್ನು ಗೋಡೆಯ ದೇವರ ಗೂಡಿನೊಳಗೆ ನಿಲ್ಲಿಸಿ, ಹಣೆಗೆ ವಿಭೂತಿ ಹಚ್ಚಿ, ಗಲ್ಲದ ಕೆಳಗೇ ಎರಡು ಎಣ್ಣೆ ದೀಪ ಇಟ್ಟಿದ್ದ. ಅವ್ವನಿಗೆ ಬಾಯಿ ಇರಲಿಲ್ಲ. ಗಲ್ಲ ಕರಗಿ ಕೆಳಗಿನ ಸೀರೆಯ ಮೇಲೆ ಕೆಂಪಗೆ ಇಳಿದಿತ್ತು. ಅತ್ತೆಯಂತೂ ಹಿರಿಯರು ಕಣ್ಣೀರು ಹಾಕಿದರೆಂದು ಕೈಮುಗಿದು ಕೂತಿದ್ದಳು.

ನನಗೆ ಪಿತ್ತ ನೆತ್ತಿಗೇರಿತು. ದೇವರ ದೀಪ ಬಾಯಿಂದ ಊದಬಾರದು ಎಂದು ಗೊತ್ತಿದ್ದೂ ಊದಿದೆ. ಅತ್ತೆ ಶಿವಶಿವಾ ಎಂದಳು. ನಾನು ಅಪ್ಪನ ಮುಖಕ್ಕೇ ಅಂದೆ:

“ಬದುಕಿದ್ದಾಗ ಒಲಿ ಮುಂದ ಬೇಯಿಸಿದಿ. ಸತ್ತ ಮ್ಯಾಲೂ ಬಿಡಲಿಲ್ಲ ನೀ.”

ಅಪ್ಪ ಸೀರೆಗೆ ಅಂಟಿದ ಮೇಣವನ್ನು ಉಗುರಿನಿಂದ ಬಿಡಿಸುತ್ತ ಕೂತ. ಬಿಡಿಸುತ್ತಲೇ ಅಂದ:

“ಮತ್ತ ಚಿತ್ರ ತಗಿ. ಈ ಸಲ ಎಡಗಣ್ಣಿನ ಕೆಳಗ ಮಚ್ಚಿ ಹಾಕು. ನೀ ಅದನ್ನ ಮರ್ತಿದ್ದಿ.”

ಹೌದು, ಇತ್ತು. ಹೆಸರುಕಾಳಿಗಿಂತ ಸಣ್ಣ ಮಚ್ಚೆ. ನಾನು ಆ ಮುಖಕ್ಕಾಗಿ ತಲೆ ಚಚ್ಚಿಕೊಳ್ಳುತ್ತಿದ್ದಾಗ ಈ ಮನುಷ್ಯ ಗಡಿಗೆಯ ಹಿಂದೆ ಕದ್ದು ನೋಡಿ, ತಪ್ಪು ಹಿಡಿದು, ಬಾಯಿ ಮುಚ್ಚಿಕೊಂಡಿದ್ದ. ಅವ್ವನ ಮುಖ ಇಡಿಯಾಗಿ ಅವನ ಹತ್ತಿರವೇ ಇತ್ತು. ನನಗೆ ಕೊಟ್ಟಿರಲಿಲ್ಲ.

ಅವತ್ತೇ ಸ್ಟವ್ ಹಚ್ಚಿದೆ. ಅವನನ್ನು ಎದುರಿಗೆ ಕೂರಿಸಿ, ನಾನು ಇನ್ನೇನೇನು ಮರೆತಿದ್ದೇನೆ ಹೇಳು ಅಂದೆ. ಸಿಟ್ಟಿನಲ್ಲೇ ಅಂದೆ.